ಒಬ್ಬ ಆಟಗಾರನ ಬೆನ್ನು ಹಿಡಿದು ಬೇಸ್‌ಬಾಲ್ ಕಲಿಯುವ ಬಗೆ

ಬೇಸ್‌ಬಾಲನ್ನು ನಿಯಮಗಳಿಂದ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಒಂಬತ್ತು ಇನಿಂಗ್‌ಗಳಲ್ಲಿ ಮೂರನೆಯದು ಮುಗಿಯುವ ಮೊದಲೇ ಟಿವಿ ಆರಿಸಿ ಎದ್ದು ಹೋಗುತ್ತಾರೆ. ಫೋರ್ಸ್ ಔಟ್ ಎಂದರೇನು, ಫೌಲ್ ಆದ ಚೆಂಡು ಒಮ್ಮೆ ಸ್ಟ್ರೈಕ್ ಎನಿಸಿಕೊಂಡು ಇನ್ನೊಮ್ಮೆ ಏಕೆ ಲೆಕ್ಕಕ್ಕೆ ಬರುವುದಿಲ್ಲ, ಬ್ಯಾಟ್ ಬೀಸದವನು ಹೇಗೆ ಮೊದಲನೆಯ ಬೇಸ್‌ಗೆ (ಓಟಗಾರ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಮೊದಲನೆಯದಕ್ಕೆ) ನಡೆದುಹೋದ ಎಂದೆಲ್ಲ ಒಂದೇ ಸಂಜೆ ವಿವರಿಸುತ್ತ ಕುಳಿತರೆ ಹೇಳುವವರಿಗೂ ಬೇಸರ, ಕೇಳುವವರಿಗೂ ಬೇಸರ. ಆದರೆ ಎಂಟು ವರ್ಷದ ಮಗುವಿಗೆ ಒಬ್ಬ ಆಟಗಾರ ಮನಸ್ಸಿಗೆ ಹಿಡಿಸಿಬಿಟ್ಟರೆ, ಆತ ಏಕೆ ಔಟಾದ, ಆತನನ್ನು ಏಕೆ ಓಡಲು ಬಿಡಲಿಲ್ಲ ಎಂದು ಅದೇ ಕೇಳಿ ಕೇಳಿ ಈ ನಿಯಮಗಳನ್ನೆಲ್ಲ ನಮ್ಮ ಬಾಯಿಂದ ಹೊರಡಿಸುತ್ತದೆ. ನಮ್ಮ ಹಿಂದಿನ ತಲೆಮಾರಿಗೆ ಕ್ರಿಕೆಟ್ ದಕ್ಕಿದ್ದೂ ಹೀಗೆಯೇ. 1969ರಲ್ಲಿ ಕಾನ್ಪುರದಲ್ಲಿ ತಮ್ಮ ಮೊದಲ ಟೆಸ್ಟ್ ಆಡಿದ ಜಿ. ಆರ್. ವಿಶ್ವನಾಥ್ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ ಎರಡನೆಯದರಲ್ಲಿ 137 ರನ್ ಹೊಡೆದ ಮೇಲೆ, ಅವರ ಸ್ಕ್ವೇರ್ ಕಟ್ ಎತ್ತ ಹೋಗುತ್ತದೆಂದು ತಿಳಿಯುವ ಸಲುವಾಗಿಯೇ ಮೈದಾನದಲ್ಲಿ ಪಾಯಿಂಟ್ ಎಲ್ಲಿದೆ, ಗಲ್ಲಿ ಎಲ್ಲಿದೆ ಎಂದು ಕಲಿತ ಮನೆಗಳು ಕರ್ನಾಟಕದಲ್ಲಿ ಎಷ್ಟೋ ಇವೆ.

ಈ ಬರಹ ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದ ತಂದೆತಾಯಂದಿರಿಗೆ ಮತ್ತು ಎಲ್ಲಿಯೇ ಇರಲಿ, ಈ ಆಟವನ್ನು ಹೊಸದಾಗಿ ನೋಡಲು ಬಯಸುವ ಹಿರಿಯರಿಗೆ. ಉದಾಹರಣೆಯಾಗಿ ಸಿಯಾಟಲ್ ಮ್ಯಾರಿನರ್ಸ್ ತಂಡದಲ್ಲಿ ಆಡಿದ ಇಚಿರೊ ಸುಜುಕಿ ಅವರನ್ನು ತೆಗೆದುಕೊಂಡಿದ್ದೇನೆ. ನನ್ನ ಮಗಳಿಗೆ ಬಾಲ್ಯದಲ್ಲಿ ಅವರ ಹುಚ್ಚು ಹಿಡಿದು, ಆಕೆಯ ಹಿಂದೆ ನಾವೆಲ್ಲ ಬೇಸ್‌ಬಾಲ್ ಕಲಿತೆವು. ನೀವು ಆರಿಸುವ ಆಟಗಾರ ಬೇರೆಯಾಗಿದ್ದರೂ ಕ್ರಮ ಇದೇ.

ಯಾರನ್ನು ಆರಿಸಬೇಕು

ಆಯ್ಕೆಯನ್ನು ಮಗುವಿಗೇ ಬಿಡಬೇಕು, ಆದರೆ ಒಂದು ಷರತ್ತು ಹಾಕಬಹುದು: ಆತ ದಿನವೂ ಆಡುವವನಾಗಿರಲಿ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನ ಒಂದು ಋತುವಿನಲ್ಲಿ ಪ್ರತಿ ತಂಡಕ್ಕೂ 162 ಪಂದ್ಯಗಳಿರುತ್ತವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಬಿಡುವಿನ ದಿನಗಳು ತೀರ ಕಡಿಮೆ. ಆದರೆ ಪಂದ್ಯವನ್ನು ಆರಂಭಿಸುವ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಸುಮಾರು ಐದು ದಿನಕ್ಕೊಮ್ಮೆ ಮಾತ್ರ ಮೈದಾನಕ್ಕೆ ಇಳಿಯುತ್ತಾನೆ, ಮತ್ತು ಮಗುವಿನ ಹೊಸ ಪ್ರೀತಿಗೆ ನಾಲ್ಕು ದಿನ ಕಾಯುವ ತಾಳ್ಮೆ ಇರುವುದಿಲ್ಲ. ದಿನವೂ ಆಡುವವರಲ್ಲಿಯೂ ಬ್ಯಾಟಿಂಗ್ ಸರದಿಯಲ್ಲಿ ಮೊದಲು ಬರುವವನು ಸಿಕ್ಕರೆ ಇನ್ನೂ ಒಳ್ಳೆಯದು. ಪಂದ್ಯ ಶುರುವಾಗುವುದು ಸಂಜೆ ಏಳರ ಸುಮಾರಿಗೆ, ಶಾಲೆಯಿರುವ ಮಗು ಮಲಗಬೇಕಾದದ್ದು ಎಂಟೂವರೆಗೆ. ಮೊದಲ ಬ್ಯಾಟರ್ ಆದರೆ ಏಳೂವರೆಯ ಒಳಗೆ ಒಮ್ಮೆ ಕಣ್ಣಿಗೆ ಬಿದ್ದೇ ಬೀಳುತ್ತಾನೆ, ಅದೃಷ್ಟವಿದ್ದರೆ ಮಲಗುವ ಮೊದಲು ಇನ್ನೊಮ್ಮೆ. ಇಚಿರೊ ಸರದಿಯಲ್ಲಿ ಮೊದಲಿಗರಾಗಿದ್ದರು, ರೈಟ್ ಫೀಲ್ಡಿನಲ್ಲಿ, ಅಂದರೆ ಮೈದಾನದ ಬಲಬದಿಯ ಹೊರಭಾಗದಲ್ಲಿ ನಿಲ್ಲುತ್ತಿದ್ದರು, ಆಟ ತಪ್ಪಿಸುತ್ತಿರಲಿಲ್ಲ. ಮನೆಯ ವೇಳಾಪಟ್ಟಿಗೆ ಇದಕ್ಕಿಂತ ಹೊಂದುವ ಆಟಗಾರ ಸಿಗುವುದು ಕಷ್ಟವಿತ್ತು.

ಮಗು ಯಾವ ಕಾರಣಕ್ಕೆ ಆರಿಸಿತು ಎಂಬುದನ್ನು ವಿಚಾರಣೆಗೆ ಒಳಪಡಿಸಬೇಡಿ. ಕೂದಲು ಚೆನ್ನಾಗಿದೆ, ಅಂಗಿಯ ಸಂಖ್ಯೆ ತನ್ನ ಮನೆಯ ಸಂಖ್ಯೆಯೇ ಆಗಿದೆ, ನಡಿಗೆ ತಮಾಷೆಯಾಗಿದೆ ಎಂಬ ಕಾರಣಗಳೆಲ್ಲ ಸಲ್ಲುತ್ತವೆ. ಇಚಿರೊ ಪ್ರತಿ ಬಾರಿಯೂ ಬ್ಯಾಟರ್ ನಿಲ್ಲುವ ಜಾಗವಾದ ಹೋಮ್ ಪ್ಲೇಟಿನ ಬಳಿ ನಿಂತು ಬಲಗೈಯಲ್ಲಿ ಬ್ಯಾಟನ್ನು ಪಿಚರ್‌ನ ಕಡೆಗೆ ನೆಟ್ಟಗೆ ಹಿಡಿದು, ಎಡಗೈಯಿಂದ ಬಲತೋಳಿನ ಅಂಗಿಯನ್ನು ಭುಜದ ಬಳಿ ಮೆಲ್ಲಗೆ ಎಳೆದುಕೊಳ್ಳುತ್ತಿದ್ದರು. ಮುಂದೆ ಬರಲಿರುವುದು ಗಂಟೆಗೆ 95 ಮೈಲಿಯ ಚೆಂಡೇ ಆದರೂ ಆ ಕ್ರಮದಲ್ಲಿ ಅವಸರವಿರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದೇ ಭಂಗಿ ಸೌಟು ಹಿಡಿದು, ಛತ್ರಿ ಹಿಡಿದು, ಕೊನೆಗೆ ಹಲ್ಲುಜ್ಜುವ ಬ್ರಷ್ ಹಿಡಿದು ನಡೆಯಿತು. ಆಟದ ಒಂದು ನಿಯಮವೂ ತಿಳಿಯದ ಕಾಲದಲ್ಲಿ ಅಷ್ಟೇ ಸಾಕಾಗಿತ್ತು.

ಆಯ್ಕೆಯಾದ ಮೇಲೆ ಆತ ಈ ತಂಡಕ್ಕೆ ಬಂದ ಬಗೆಯನ್ನು ಕಥೆಯಂತೆ ಹೇಳಿ, ಏಕೆಂದರೆ ತಂಡದ ಇತಿಹಾಸ ಅದರೊಳಗೆ ತಾನಾಗಿ ಬರುತ್ತದೆ. ಸಿಯಾಟಲ್ ಮೂರು ವರ್ಷಗಳಲ್ಲಿ ಮೂವರು ದೊಡ್ಡ ಆಟಗಾರರನ್ನು ಕಳೆದುಕೊಂಡಿತ್ತು: 1998ರಲ್ಲಿ ಪಿಚರ್ ರ‍್ಯಾಂಡಿ ಜಾನ್ಸನ್ ಹ್ಯೂಸ್ಟನ್‌ಗೆ ಹೋದರು, 2000ದ ಆರಂಭದಲ್ಲಿ ಕೆನ್ ಗ್ರಿಫಿ ಜೂನಿಯರ್ ಸಿನ್ಸಿನಾಟಿಗೆ ಹೋದರು, ಅದೇ ವರ್ಷದ ಕೊನೆಗೆ ಅಲೆಕ್ಸ್ ರಾಡ್ರಿಗೆಜ್ ಹತ್ತು ವರ್ಷಕ್ಕೆ 25.2 ಕೋಟಿ ಡಾಲರಿನ ಕರಾರಿಗೆ ಟೆಕ್ಸಸ್ ಸೇರಿದರು. ಆಗ ಜಪಾನಿನ ಕೋಬೆ ನಗರದ ಓರಿಕ್ಸ್ ಬ್ಲೂವೇವ್ ತಂಡದಿಂದ, ಅಲ್ಲಿ ಸತತವಾಗಿ ಏಳು ವರ್ಷ ಬ್ಯಾಟಿಂಗ್ ಪಟ್ಟ ಗೆದ್ದಿದ್ದ ಇಚಿರೊ ಬಂದರು. ಜಪಾನಿನ ಪಿಚರ್‌ಗಳು ಅಮೆರಿಕದಲ್ಲಿ ಗೆಲ್ಲಬಲ್ಲರೆಂದು ಹಿಡೆಯೊ ನೋಮೊ 1995ರಲ್ಲೇ ತೋರಿಸಿದ್ದರು, ಬ್ಯಾಟರ್‌ಗಳ ವಿಷಯದಲ್ಲಿ ಮಾತ್ರ ಇಲ್ಲಿನವರಿಗೆ ಅನುಮಾನವಿತ್ತು. 2001ರ ಆ ಮೊದಲ ವರ್ಷದಲ್ಲಿ ಇಚಿರೊ 242 ಹಿಟ್ (ಚೆಂಡು ಹೊಡೆದು ಸುರಕ್ಷಿತವಾಗಿ ಬೇಸ್ ಮುಟ್ಟುವುದು), 0.350 ಸರಾಸರಿ ಮತ್ತು 56 ಬೇಸ್ ಕಳವುಗಳೊಂದಿಗೆ (ಯಾರೂ ಚೆಂಡು ಹೊಡೆಯದಿದ್ದರೂ ಮುಂದಿನ ಬೇಸ್‌ಗೆ ಓಡಿ ಮುಟ್ಟುವುದು) ವರ್ಷದ ಹೊಸ ಆಟಗಾರ ಹಾಗೂ ಅತ್ಯಮೂಲ್ಯ ಆಟಗಾರ ಎಂಬ ಎರಡೂ ಪ್ರಶಸ್ತಿಗಳನ್ನು ಒಟ್ಟಿಗೆ ಪಡೆದರು. ಅವರಿಗಿಂತ ಮೊದಲು ಹಾಗೆ ಪಡೆದವರು 1975ರ ಫ್ರೆಡ್ ಲಿನ್ ಒಬ್ಬರೇ. ಮೂವರನ್ನು ಕಳೆದುಕೊಂಡ ತಂಡ ಆ ವರ್ಷ 116 ಪಂದ್ಯ ಗೆದ್ದು, 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು.

ದಿನಕ್ಕೊಂದು ನಿಯಮ

ಮೊದಲ ಒಂದೆರಡು ತಿಂಗಳು ಇಡೀ ಪಂದ್ಯ ನೋಡಿಸುವ ಹಟ ಬೇಡ. ಆತನ ಸರದಿ ಬಂದಾಗ ಮಗುವನ್ನು ಕರೆಯಿರಿ, ಸರದಿ ಮುಗಿದ ಮೇಲೆ ಅದು ಆಡಲು ಓಡಿಹೋಗಲಿ. ಪ್ರತಿ ಸರದಿಯೂ ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ, ಅಂದಿಗೆ ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ಇಚಿರೊ ವಿಷಯದಲ್ಲಿ ಮೊದಲ ಪ್ರಶ್ನೆ ಯಾವಾಗಲೂ ಓಟದ್ದು. ಅವರು ಚೆಂಡು ಎಸೆಯುವುದು ಬಲಗೈಯಲ್ಲಿ, ಬ್ಯಾಟ್ ಮಾಡುವುದು ಎಡಗೈಯವರಂತೆ. ಎಡಗೈ ಬ್ಯಾಟರ್ ನಿಲ್ಲುವ ಜಾಗ ಮೊದಲನೆಯ ಬೇಸಿಗೆ ಒಂದೆರಡು ಹೆಜ್ಜೆ ಹತ್ತಿರವಿರುವುದರಿಂದ ಅವರ ತಂದೆ ಚಿಕ್ಕಂದಿನಲ್ಲೇ ಹಾಗೆ ಅಭ್ಯಾಸ ಮಾಡಿಸಿದ್ದರು. ಹೋಮ್ ಪ್ಲೇಟಿನಿಂದ ಮೊದಲನೆಯ ಬೇಸಿಗೆ 90 ಅಡಿ, ಅದನ್ನು ಅವರು ನಾಲ್ಕು ಸೆಕೆಂಡುಗಳ ಒಳಗೇ ಮುಟ್ಟುತ್ತಿದ್ದರು. ಬ್ಯಾಟ್ ಬೀಸುವಾಗಲೇ ಮೈ ಮೊದಲನೆಯ ಬೇಸಿನ ಕಡೆಗೆ ಜಾರಿರುತ್ತಿತ್ತು. ಇಲ್ಲಿಂದ ಫೋರ್ಸ್ ಔಟಿಗೆ ಬರುವುದು ಸುಲಭ. ಕ್ರಿಕೆಟಿನಲ್ಲಿ ಚೆಂಡನ್ನು ಹೊಡೆದವನು ಓಡದೆ ನಿಲ್ಲಬಹುದು. ಇಲ್ಲಿ ಚೆಂಡು ಎರಡು ಗೆರೆಗಳ ಒಳಗೆ ನೆಲಕ್ಕೆ ಬಿದ್ದರೆ ಹೊಡೆದವನು ಓಡಲೇಬೇಕು, ಎದುರಾಳಿಗಳು ಚೆಂಡನ್ನು ಆತನಿಗಿಂತ ಮೊದಲು ಬೇಸಿಗೆ ತಲುಪಿಸಿದರೆ ಆತ ಔಟ್. ರನ್ ಔಟ್ ಗೊತ್ತಿರುವ ಮಗುವಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ. ಇತರರು ಹೊಡೆದರೆ ಖಚಿತವಾಗಿ ಔಟಾಗುವ ಚೆಂಡಿಗೆ ಇಚಿರೊ ಹೇಗೆ ಬದುಕಿಕೊಂಡರು, ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವನು) ಏಕೆ ಅಷ್ಟು ಗಡಿಬಿಡಿಯಾದ ಎಂಬುದೂ ಆಗ ತಿಳಿಯುತ್ತದೆ.

ಎರಡನೆಯದು ಫೌಲ್, ಅಂದರೆ ಆ ಎರಡು ಗೆರೆಗಳ ಹೊರಗೆ ಹೋದ ಹೊಡೆತ. ಕೀಪರ್‌ನ ಪಕ್ಕದಿಂದ ಹಿಂದಕ್ಕೆ ಜಾರುವ ಲೇಟ್ ಕಟ್ಟನ್ನು ಮೆಚ್ಚಿ ಬೆಳೆದ ನಮಗೆ, ಅದೇ ಚೆಂಡು ಇಲ್ಲಿ ಲೆಕ್ಕಕ್ಕಿಲ್ಲವೆಂಬುದು ಅನ್ಯಾಯವಾಗಿ ಕಾಣುತ್ತದೆ. ಸ್ಟ್ರೈಕ್ ಎಂದರೆ ಬ್ಯಾಟರ್‌ನ ವಿರುದ್ಧ ಎಣಿಸುವ ಎಸೆತ, ಮೂರಾದರೆ ಆತ ಔಟ್. ಎರಡು ಸ್ಟ್ರೈಕ್ ಆಗುವವರೆಗೆ ಫೌಲುಗಳು ಸ್ಟ್ರೈಕ್ ಎನಿಸುತ್ತವೆ, ಎರಡು ಆದ ಮೇಲೆ ಎಷ್ಟು ಫೌಲ್ ಹೊಡೆದರೂ ಸಾಮಾನ್ಯವಾಗಿ ಬ್ಯಾಟರ್ ಔಟಾಗುವುದಿಲ್ಲ. ಒಳ್ಳೆಯ ಬ್ಯಾಟರ್ ಈ ಸಂದಿಯಲ್ಲೇ ಬದುಕುತ್ತಾನೆ: ತನಗೆ ಬೇಡವಾದ ಒಳ್ಳೆಯ ಚೆಂಡುಗಳನ್ನು ಫೌಲ್ ಮಾಡಿ ಪಿಚರ್‌ನನ್ನು ದಣಿಸಿ, ಬೇಕಾದ ಚೆಂಡಿಗೆ ಕಾಯುತ್ತಾನೆ. ಇದನ್ನು ಒಮ್ಮೆ ಕಂಡ ಮಗು ಮುಂದೆ ಪಿಚರ್‌ನ ಎಸೆತಗಳನ್ನು ಎಣಿಸತೊಡಗುತ್ತದೆ.

ಬೇಸ್ ಕಳವು, ವಾಕ್ (ನಾಲ್ಕು ಕೆಟ್ಟ ಎಸೆತಗಳಾದರೆ ಬ್ಯಾಟರ್‌ಗೆ ಮೊದಲನೆಯ ಬೇಸ್ ಸಿಗುವುದು), ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವುದು) ಎಲ್ಲವೂ ಹೀಗೆಯೇ ಒಂದೊಂದಾಗಿ ಬರುತ್ತವೆ. ಇನ್‌ಫೀಲ್ಡ್ ಫ್ಲೈ ಮತ್ತು ಬಾಕ್ ಎಂಬೆರಡು ನಿಯಮಗಳನ್ನು ಮಾತ್ರ ಎರಡನೆಯ ವರ್ಷಕ್ಕೆ ಇಡಿ. ಬಾಕ್ ಎಂದರೇನೆಂದು ನೆಟ್ಟಗೆ ಹೇಳಬಲ್ಲ ಹಿರಿಯ ಅಭಿಮಾನಿಗಳನ್ನೂ ನಾನು ಹೆಚ್ಚಾಗಿ ಕಂಡಿಲ್ಲ.

ಪುಸ್ತಕ, ಪೆನ್ಸಿಲು ಮತ್ತು ಒಂಬತ್ತು ಸಂಖ್ಯೆಗಳು

ನನಗೆ ಕೇಳಿದರೆ, ಈ ಆಟದ ಮೇಲಿನ ಪ್ರೀತಿ ಬಾಲ್ಯದ ಹುಚ್ಚಾಗಿ ಮುಗಿಯದೆ ಜೀವನದುದ್ದಕ್ಕೂ ಉಳಿಯಲು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಕೈಯಲ್ಲಿ ಸ್ಕೋರ್ ಬರೆಯುವ ಅಭ್ಯಾಸ. ಅದಕ್ಕೆ ಬೇಕಾದದ್ದು ಚೌಕುಳಿ ಗೆರೆಗಳ ಒಂದು ಪುಸ್ತಕ, ಒಂದು ಪೆನ್ಸಿಲ್, ಒಂದು ರಬ್ಬರ್. ಬೇಸ್‌ಬಾಲಿನಲ್ಲಿ ಫೀಲ್ಡಿನ ಒಂಬತ್ತು ಸ್ಥಾನಗಳಿಗೂ ಒಂದೊಂದು ಸಂಖ್ಯೆಯಿದೆ: ಪಿಚರ್ 1, ಕ್ಯಾಚರ್ 2, ಮೊದಲನೆಯ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6, ಎಡ ಫೀಲ್ಡ್ 7, ನಡು ಫೀಲ್ಡ್ 8, ಬಲ ಫೀಲ್ಡ್ 9. ಶಾರ್ಟ್‌ಸ್ಟಾಪ್ ಹಿಡಿದು ಮೊದಲನೆಯ ಬೇಸಿಗೆ ಎಸೆದು ಔಟ್ ಮಾಡಿದರೆ 6-3. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟರ್ ಪ್ರತಿ ಬೇಸ್ ಮುಟ್ಟಿದಾಗಲೂ ಚೌಕದೊಳಗೆ ವಜ್ರಾಕಾರದ ಒಂದೊಂದು ಬದಿಯನ್ನು ಎಳೆಯುತ್ತ ಹೋಗಿ, ಆತ ಮನೆ, ಅಂದರೆ ಮತ್ತೆ ಹೋಮ್ ಪ್ಲೇಟ್, ಮುಟ್ಟಿದರೆ ಇಡೀ ವಜ್ರಕ್ಕೆ ಬಣ್ಣ ತುಂಬಬೇಕು. ಮಕ್ಕಳಿಗೆ ಬಣ್ಣ ತುಂಬುವ ಈ ಕೆಲಸವೇ ಬಹಳ ಇಷ್ಟವಾಗುತ್ತದೆ.

ಆರಂಭದಲ್ಲಿ ತನ್ನ ಆಟಗಾರನ ಸಾಲನ್ನು ಮಾತ್ರ ಬರೆಯಲಿ. ಕೆಲವು ವಾರಗಳ ನಂತರ ಆತ ಬ್ಯಾಟ್ ಮಾಡಲು ಬಂದಾಗ ಬೇಸಿನ ಮೇಲೆ ಯಾರಿದ್ದರು, ಆತನನ್ನು ಮನೆಗೆ ತಂದವರು ಯಾರು ಎಂದು ತಿಳಿಯಬೇಕಾಗುತ್ತದೆ. ಆಗ ಮೇಲಿನ ಮತ್ತು ಕೆಳಗಿನ ಸಾಲುಗಳು ಸೇರುತ್ತವೆ. ಹೀಗೆ ಸಾಲು ಸಾಲಾಗಿ ಬೆಳೆದು ಋತುವಿನ ಕೊನೆಗೆ ಒಂಬತ್ತೂ ಸಾಲು ತುಂಬುತ್ತವೆ. ಯಾರೂ ಒತ್ತಾಯಿಸದೆ ಇಡೀ ತಂಡದ ಪರಿಚಯವಾಗಿರುತ್ತದೆ.

2001ರ ಏಪ್ರಿಲ್ 11ರಂದು ಓಕ್‌ಲ್ಯಾಂಡಿನಲ್ಲಿ ನಡೆದ ಒಂದು ಆಟವನ್ನು ಈ ಭಾಷೆಯಲ್ಲಿ ಬರೆದು ನೋಡೋಣ. ಓಕ್‌ಲ್ಯಾಂಡಿನ ಟೆರೆನ್ಸ್ ಲಾಂಗ್ ಮೊದಲನೆಯ ಬೇಸಿನ ಮೇಲಿದ್ದರು. ಬ್ಯಾಟರ್ ಹೊಡೆದ ಚೆಂಡು ಬಲ ಫೀಲ್ಡಿಗೆ ಹೋಯಿತು, ಲಾಂಗ್ ಎರಡನೆಯ ಬೇಸನ್ನು ದಾಟಿ ಮೂರನೆಯದಕ್ಕೆ ಹೊರಟರು. ಯಾವ ಓಟಗಾರನಾದರೂ ಹಾಗೆ ಹೊರಡುತ್ತಿದ್ದ, ಏಕೆಂದರೆ ಬಲ ಫೀಲ್ಡಿನಿಂದ ಮೂರನೆಯ ಬೇಸಿಗೆ ಎಸೆತ ಬಹಳ ದೂರ. ಇಚಿರೊ ಓಡುತ್ತಲೇ ಚೆಂಡನ್ನೆತ್ತಿ ಎಸೆದರು. ಅದು ನೆಲ ಮುಟ್ಟದೆ, ಮೇಲಕ್ಕೂ ಏಳದೆ, ಮೂರನೆಯ ಬೇಸಿನವನ ಗ್ಲವ್ ಇದ್ದ ಜಾಗಕ್ಕೇ ಬಂದು ಬಿತ್ತು. ಜಾರಿಕೊಂಡು ಬಂದ ಲಾಂಗ್ ಔಟ್. ಪುಸ್ತಕದಲ್ಲಿ ಇದಕ್ಕೆ ಇರುವುದು 9-5 ಎಂಬ ಎರಡು ಅಂಕಿ ಮಾತ್ರ. ಹುಡುಕಿದರೆ ಇದರ ವಿಡಿಯೊ ಸಿಗುತ್ತದೆ, ಮಗುವಿಗೆ ತೋರಿಸಿ, ಬರೆಯಲು ಹೇಳಿ. 9-5ರ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಲು ಮಗು ಅನುಮತಿ ಕೇಳಿದರೆ ಧಾರಾಳವಾಗಿ ಕೊಡಿ.

ಬರೆಯಲು ಬಂದ ಮೇಲೆ ರೇಡಿಯೊ. ಟ್ರಾನ್ಸಿಸ್ಟರಿನಲ್ಲಿ ವೀಕ್ಷಕ ವಿವರಣೆ ಕೇಳಿ ಬೆಳೆದವರಿಗೆ ಇದರ ರುಚಿಯನ್ನು ಬೇರೆ ಹೇಳಬೇಕಾಗಿಲ್ಲ. ಮ್ಯಾರಿನರ್ಸ್ ತಂಡ ಹುಟ್ಟಿದ 1977ರಿಂದ ತಾವು ತೀರಿಕೊಂಡ 2010ರವರೆಗೆ ಡೇವ್ ನೀಹಾಸ್ ಅದರ ಧ್ವನಿಯಾಗಿದ್ದರು. ಅವರ ಮಾತು ಕೇಳುತ್ತ ಸ್ಕೋರ್ ಬರೆದ ಮಕ್ಕಳಿಗೆ ಮೈದಾನದ ನಕ್ಷೆ ಕಣ್ಣು ಮುಚ್ಚಿದರೂ ಕಾಣುವಂತಾಯಿತು. ಕರ್ನಾಟಕದಲ್ಲಿ ಕುಳಿತವರಿಗೂ ಇದು ಸಾಧ್ಯ: ಬೇಸಿಗೆಯಲ್ಲಿ ಸಿಯಾಟಲಿನ ರಾತ್ರಿ 7.10ರ ಪಂದ್ಯ ನಮ್ಮಲ್ಲಿ ಮರುದಿನ ಬೆಳಿಗ್ಗೆ 7.40ಕ್ಕೆ ಶುರುವಾಗುತ್ತದೆ, ಕಾಫಿಯ ಹೊತ್ತಿಗೆ ಸರಿಯಾಗಿ. ನ್ಯೂಯಾರ್ಕಿನ ಪಂದ್ಯವಾದರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಆದ್ದರಿಂದ ಭಾರತದಿಂದ ನೋಡುವವರು ಪಶ್ಚಿಮ ಕರಾವಳಿಯ ಆಟಗಾರನನ್ನೇ ಆರಿಸಿಕೊಳ್ಳುವುದು ಜಾಣತನ. 2023ರಲ್ಲಿ ಪಿಚರ್‌ಗಳಿಗೆ ಗಡಿಯಾರದ ಮಿತಿ ಹಾಕಿದ ಮೇಲೆ ಪಂದ್ಯಗಳು ಸರಾಸರಿ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿವೆ, ಕೆಲಸಕ್ಕೆ ಹೊರಡುವವರಿಗೆ ಅದೂ ಅನುಕೂಲ.

ಲೆಕ್ಕ

ಇಚಿರೊ ಕಾಲದಲ್ಲಿ ಸಿಯಾಟಲಿನ ಗ್ಯಾಲರಿಯಲ್ಲಿ ಒಬ್ಬ ಅಭಿಮಾನಿ ಅವರ ಹಿಟ್‌ಗಳನ್ನು ಎಣಿಸುವ ಫಲಕವನ್ನು ಹಿಡಿದು ಕೂರುತ್ತಿದ್ದರು, ಅದಕ್ಕೆ ಇಚಿಮೀಟರ್ ಎಂದೇ ಹೆಸರಾಯಿತು. ಅಂಥದ್ದೊಂದನ್ನು ರಟ್ಟಿನಲ್ಲಿ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿ, ಮಗು ಪ್ರತಿದಿನ ಬೆಳಿಗ್ಗೆ ಅಂಕಿ ಬದಲಿಸಲಿ. 2004ರಲ್ಲಿ ಈ ಅಂಕಿ 262ಕ್ಕೆ ಹೋಗಿ ನಿಂತಿತು. ಜಾರ್ಜ್ ಸಿಸ್ಲರ್ 1920ರಲ್ಲಿ ಹೊಡೆದ 257 ಹಿಟ್‌ಗಳ ದಾಖಲೆಯನ್ನು ಇಚಿರೊ ಅಕ್ಟೋಬರ್ 1ರಂದು ಟೆಕ್ಸಸ್ ವಿರುದ್ಧ ದಾಟಿದಾಗ, ಸಿಸ್ಲರ್ ಅವರ ಕುಟುಂಬದವರು ಗ್ಯಾಲರಿಯಲ್ಲೇ ಇದ್ದರು.

ಸರಾಸರಿಯ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. 262 ಹಿಟ್‌ಗಳನ್ನು 704 ಅಧಿಕೃತ ಸರದಿಗಳಿಂದ ಭಾಗಿಸಿದರೆ 0.372. ದಶಮಾಂಶದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗದು. ಆ ವರ್ಷ ಅವರಿಗೆ ಸಿಕ್ಕ 49 ವಾಕ್‌ಗಳು ಈ 704ರಲ್ಲಿ ಸೇರಿಲ್ಲವೆಂದು ಗೊತ್ತಾದ ದಿನ ಮಗು ಸರಾಸರಿ ಬೇರೆ, ಬೇಸ್ ಮುಟ್ಟಿದ ಪ್ರಮಾಣ ಬೇರೆ ಎಂಬುದನ್ನು ಕಲಿಯುತ್ತದೆ. ಎರಡನೆಯದು ಆ ವರ್ಷ 0.414 ಇತ್ತು.

ಲೆಕ್ಕ ಬಂದ ಮೇಲೆ ವಾದಕ್ಕೆ ಇಳಿಯಬಹುದು, ಇಳಿಯಬೇಕು ಕೂಡ. ಸಿಸ್ಲರ್ ಕಾಲದಲ್ಲಿ ಋತುವಿಗೆ 154 ಪಂದ್ಯಗಳ ಪಟ್ಟಿಯಿತ್ತು, ಇಚಿರೊ ಕಾಲದಲ್ಲಿ 162. ಸಿಸ್ಲರ್ ಸರಾಸರಿ 0.407, ಇಚಿರೊ ಅವರ ಸರಾಸರಿಗಿಂತ ಹೆಚ್ಚು. ಇಚಿರೊ ಅವರ 262ರಲ್ಲಿ 225 ಕೇವಲ ಒಂದು ಬೇಸಿನ ಹಿಟ್‌ಗಳು, ಹೋಮ್ ರನ್ (ಸಾಮಾನ್ಯವಾಗಿ ಬೇಲಿ ದಾಟುವ ಹೊಡೆತ) ಎಂಟೇ ಎಂಟು. ತಂಡವೋ 99 ಪಂದ್ಯ ಸೋತು ತನ್ನ ವಿಭಾಗದ ಕೊನೆಗೆ ಬಿದ್ದಿತ್ತು. ಇಂಥ ಹಿಟ್‌ಗಳಿಂದ ಏನು ಪ್ರಯೋಜನ ಎಂದು ಆಗಲೂ ಕೇಳಿದವರಿದ್ದರು, ಈಗಲೂ ಇದ್ದಾರೆ. ಸೋಲುವ ತಂಡದಲ್ಲಿ ದಿನವೂ ಅದೇ ಶ್ರದ್ಧೆಯಿಂದ ಆಡಿದ್ದನ್ನು ಆ ಆಟಗಾರನ ತಪ್ಪೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ನನ್ನ ಅಭಿಪ್ರಾಯವನ್ನು ಮಗಳ ಮೇಲೆ ಹೇರಲಿಲ್ಲ, ಆಕೆ ಟೀಕೆಗಳನ್ನೂ ಓದಿದಳು. ತನ್ನ ನೆಚ್ಚಿನ ಆಟಗಾರನ ವಿರುದ್ಧದ ವಾದವನ್ನು ಅಂಕಿಗಳ ಸಮೇತ ಮಂಡಿಸಬಲ್ಲ ಮಗು ಆಟವನ್ನು ಚೆನ್ನಾಗಿ ಅರಿತಿದೆ ಎಂದೇ ತಿಳಿಯಬೇಕು.

ಮೈದಾನದಲ್ಲಿ

ವರ್ಷಕ್ಕೊಮ್ಮೆಯಾದರೂ ಮೈದಾನಕ್ಕೆ ಕರೆದುಕೊಂಡು ಹೋಗಿ, ಆದರೆ ಹೋಮ್ ಪ್ಲೇಟಿನ ಹಿಂದಿನ ದುಬಾರಿ ಆಸನಗಳಿಗೆ ಹಣ ಸುರಿಯಬೇಡಿ. ಆಟಗಾರ ಎಲ್ಲಿ ಫೀಲ್ಡ್ ಮಾಡುತ್ತಾನೋ ಅದರ ಹಿಂದಿನ ಆಸನಗಳು ಅಗ್ಗವೂ ಹೌದು, ಹತ್ತಿರವೂ ಹೌದು. 1999ರಲ್ಲಿ ತೆರೆದ ಸಿಯಾಟಲಿನ ಸೇಫ್ಕೊ ಫೀಲ್ಡಿಗೆ 2019ರಿಂದ ಟಿ-ಮೊಬೈಲ್ ಪಾರ್ಕ್ ಎಂಬ ಹೆಸರು. ಅಲ್ಲಿನ ಬಲ ಫೀಲ್ಡಿನ ಆಸನಗಳಿಗೆ ಇಚಿರೊ ಅವರ ಅಂಗಿಯ ಸಂಖ್ಯೆಯಿಂದ ಏರಿಯಾ 51 ಎಂದೇ ಹೆಸರು ಬಿದ್ದಿತ್ತು. ಅಲ್ಲಿ ಕುಳಿತು ಚೆಂಡನ್ನು ಬಿಟ್ಟು ಅವರನ್ನೇ ನೋಡುವುದು ಟಿವಿಯಲ್ಲಿ ಎಂದಿಗೂ ಸಿಗದ ಪಾಠವಾಗಿತ್ತು. ಚೆಂಡು ಶಾರ್ಟ್‌ಸ್ಟಾಪಿನ ಕಡೆಗೆ ಹೋದರೂ ಬಲ ಫೀಲ್ಡಿನವನು ಮೊದಲನೆಯ ಬೇಸಿನ ಹಿಂದಕ್ಕೆ ಓಡುತ್ತಾನೆ, ಎಸೆತ ತಪ್ಪಿದರೆ ಹಿಡಿಯಲು. ನೂರು ಸಲ ಓಡಿದರೆ ತೊಂಬತ್ತಕ್ಕೂ ಹೆಚ್ಚು ಸಲ ಆ ಓಟಕ್ಕೆ ಕೆಲಸವಿರುವುದಿಲ್ಲ, ಕ್ಯಾಮೆರಾ ಅತ್ತ ತಿರುಗುವುದೂ ಇಲ್ಲ.

ಪಂದ್ಯಕ್ಕೆ ಮೊದಲು ನಡೆಯುವ ಬ್ಯಾಟಿಂಗ್ ಅಭ್ಯಾಸ ನೋಡಲು ಬೇಗ ಹೋಗಿ, ಮಗುವಿನ ಗ್ಲವ್ ಜೊತೆಗಿರಲಿ. ಸಸ್ಯಾಹಾರಿಗಳಿಗೆ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಇದೆ. ಅದೇ ಮೈದಾನದಲ್ಲಿ 2017ರಿಂದ ಹುರಿದ ಮಿಡತೆಗಳನ್ನೂ ಮಾರುತ್ತಾರೆ, ಆದ್ದರಿಂದ ಯಾವ ಸಾಲಿನಲ್ಲಿ ನಿಂತಿದ್ದೀರಿ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತಂದೆತಾಯಂದಿರಿಗೆ ಒಂದು ಮಾತು

ನೆಚ್ಚಿನ ಆಟಗಾರನಿದ್ದಾನೆಂದರೆ ಮಗುವಿಗೂ ಆಡುವ ಆಸೆ ಹುಟ್ಟುತ್ತದೆ. ಬಲಗೈಯವರು ಗ್ಲವ್ ತೊಡುವುದು ಎಡಗೈಗೆ ಎಂಬುದರಿಂದ ಹಿಡಿದು ಎಲ್ಲವೂ ಕ್ರಿಕೆಟಿನ ಮನೆಯವರಿಗೆ ಹೊಸದು. ಮೆತ್ತನೆಯ ಚೆಂಡಿನಿಂದ ಶುರುಮಾಡಿ, ಕಂಬದ ಮೇಲೆ ಇಟ್ಟ ಚೆಂಡನ್ನು ಹೊಡೆಯುವ ಟೀ ಬಾಲ್ ಆಡಿಸಿ, ಆಮೇಲೆ ಊರಿನ ಲಿಟಲ್ ಲೀಗಿಗೆ ಸೇರಿಸಬಹುದು. 1939ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಈ ಸಂಸ್ಥೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು 1974ರಲ್ಲಿ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಇಚಿರೊ ಆರನೆಯ ತರಗತಿಯಲ್ಲಿ ಬರೆದ ಪ್ರಬಂಧದಲ್ಲಿ, ತಾನು ವರ್ಷದ 365 ದಿನಗಳಲ್ಲಿ 360 ದಿನ ಕಠಿಣ ಅಭ್ಯಾಸ ಮಾಡುತ್ತೇನೆಂದೂ ವೃತ್ತಿ ಆಟಗಾರನಾಗುವುದೇ ತನ್ನ ಗುರಿಯೆಂದೂ ಬರೆದಿದ್ದರು. ತಂದೆ ನೊಬುಯುಕಿ ಪ್ರತಿದಿನ ಶಾಲೆ ಬಿಟ್ಟ ಮೇಲೆ ಅಭ್ಯಾಸಕ್ಕೆ ಕರೆದೊಯ್ಯುತ್ತಿದ್ದರು. ಈ ಪ್ರಬಂಧವನ್ನು ಮಕ್ಕಳ ಮುಂದೆ ಹಿಡಿದು, ನೋಡು, ಹೀಗಿರಬೇಕು ಎಂದು ಹೇಳುವ ಚಪಲ ನಮ್ಮವರಲ್ಲಿ ಸ್ವಲ್ಪ ಹೆಚ್ಚೇ ಇದೆ. ಆದರೆ ಆ ತರಬೇತಿ ಹಿಂಸೆಯ ಅಂಚಿಗೆ ಹೋಗಿತ್ತು, ತಾನು ಬಹಳ ನೊಂದಿದ್ದೆ ಎಂದು ಅದೇ ಇಚಿರೊ ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಮಗು ಆರಿಸಿಕೊಂಡ ಆಟಗಾರನನ್ನು ಮಗುವಿಗೇ ಬೆತ್ತವಾಗಿ ಬಳಸಬೇಡಿ. ಅವರಿಂದ ಕಲಿಸಲೇಬೇಕಾದದ್ದು ಏನಾದರೂ ಇದ್ದರೆ, ಆಡಿದ ಮೇಲೆ ಗ್ಲವ್ ಒರೆಸಿಡುವ ಅಭ್ಯಾಸ ಕಲಿಸಿ. ತಮ್ಮ ಸಲಕರಣೆಗಳನ್ನು ಅವರಷ್ಟು ಜೋಪಾನ ಮಾಡಿದವರು ಕಡಿಮೆ. ಬ್ಯಾಟುಗಳಿಗೆ ತೇವ ತಗಲದಂತೆ ವಿಶೇಷ ಪೆಟ್ಟಿಗೆಯಲ್ಲಿ ಒಯ್ಯುತ್ತಿದ್ದರು.

ಆತ ಹೊರಟು ಹೋದಾಗ

ಆಟಗಾರ ಇನ್ನೊಂದು ತಂಡಕ್ಕೆ ಹೋಗುತ್ತಾನೆ, ಅಥವಾ ಮುದುಕನಾಗುತ್ತಾನೆ, ಅಥವಾ ತಪ್ಪು ಮಾಡಿ ಸಿಕ್ಕಿಬೀಳುತ್ತಾನೆ. ಮೂರಕ್ಕೂ ಮನೆಯವರು ಸಿದ್ಧರಾಗಿರಬೇಕು.

2012ರ ಜುಲೈ 23ರಂದು ನ್ಯೂಯಾರ್ಕ್ ಯಾಂಕೀಸ್ ತಂಡ ಸಿಯಾಟಲಿಗೆ ಆಡಲು ಬಂದಿತ್ತು. ಪಂದ್ಯಕ್ಕೆ ಕೆಲವೇ ಗಂಟೆ ಮೊದಲು ಇಚಿರೊ ಅವರನ್ನು ಯಾಂಕೀಸ್‌ಗೆ ಕೊಟ್ಟ ಸುದ್ದಿ ಹೊರಬಿತ್ತು. ಅದೇ ಮೈದಾನದಲ್ಲಿ, ಅಂದೇ, ಎದುರಾಳಿಯ ಅಂಗಿಯಲ್ಲಿ, 51ರ ಬದಲು 31 ತೊಟ್ಟು ಅವರು ಬ್ಯಾಟ್ ಮಾಡಲು ಬಂದಾಗ ಇಡೀ ಮೈದಾನ ಎದ್ದು ನಿಂತಿತು. ಅವರು ಹೆಲ್ಮೆಟ್ ತೆಗೆದು ಬಾಗಿ ವಂದಿಸಿದರು, ಮತ್ತೆ ಹಾಕಿಕೊಂಡು ಹಿಟ್ ಹೊಡೆದರು, ತಕ್ಷಣವೇ ಎರಡನೆಯ ಬೇಸನ್ನೂ ಕದ್ದರು. ಕಾಲೇಜಿನಲ್ಲಿದ್ದ ಮಗಳು ಫೋನ್ ಮಾಡಿ, ಅಪ್ಪಾ, ಈಗ ನಾನು ಯಾರ ಸಾಲು ಬರೆಯಬೇಕು ಎಂದು ಕೇಳಿದಳು. ಎರಡನ್ನೂ ಬರಿ ಎಂದೆ. ಅಂಥ ಹೊತ್ತಿನಲ್ಲಿ ನಾನು ಬಲ್ಲ ಉಪಾಯ ಅದೊಂದೇ: ಹಳೆಯ ತಂಡದ ಪುಟವನ್ನು ಬಿಡದೆ, ಹೊಸ ತಂಡದಲ್ಲಿ ಆತನ ಒಂದು ಸಾಲನ್ನು ಮಾತ್ರ ಹೆಚ್ಚಿಗೆ ಬರೆಯುವುದು. ಆಟಗಾರ ಹೋದರೂ ಸಂಜೆಯ ಪಂದ್ಯ ಹೋಗುವುದಿಲ್ಲವೆಂದು ಕೆಲವು ವಾರಗಳಲ್ಲಿ ತಿಳಿಯುತ್ತದೆ.

ಮುಪ್ಪಿನ ವಿಷಯದಲ್ಲಿ ಅಂಕಿಗಳೇ ಮಗುವನ್ನು ಮೆಲ್ಲಗೆ ಸಿದ್ಧಪಡಿಸುತ್ತವೆ. 2016ರ ಆಗಸ್ಟಿನಲ್ಲಿ ಮಯಾಮಿ ತಂಡದಲ್ಲಿದ್ದಾಗ ಇಚಿರೊ 3000ನೆಯ ಹಿಟ್ ಹೊಡೆದರು. 2019ರ ಮಾರ್ಚ್ 21ರಂದು ಟೋಕಿಯೊದಲ್ಲಿ, 45ನೆಯ ವಯಸ್ಸಿನಲ್ಲಿ, ಮತ್ತೆ ಮ್ಯಾರಿನರ್ಸ್ ಅಂಗಿಯಲ್ಲಿ ಕೊನೆಯ ಸರದಿ ಆಡಿದರು. ಅಮೆರಿಕದಲ್ಲಿ 3089, ಜಪಾನಿನಲ್ಲಿ 1278 ಹಿಟ್‌ಗಳು. ಆ ಕೊನೆಯ ಸರದಿ ಪುಸ್ತಕದಲ್ಲಿ 6-3 ಎಂದು ದಾಖಲಾಗಿದೆ. 2025ರಲ್ಲಿ ಅವರು ಶ್ರೇಷ್ಠ ಆಟಗಾರರ ಗೌರವ ಭವನವಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದಾಗ 394 ಮತಗಳಲ್ಲಿ 393 ಬಿದ್ದವು. ಮತ ಹಾಕದ ಆ ಒಬ್ಬರು ಯಾರಿರಬಹುದೆಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಮೂರನೆಯದು ಕಷ್ಟದ್ದು. ಸಿಯಾಟಲಿನ ಅದೆಷ್ಟೋ ಮಕ್ಕಳ ಕಣ್ಮಣಿಯಾಗಿದ್ದ ಅಲೆಕ್ಸ್ ರಾಡ್ರಿಗೆಜ್, ನಿಷೇಧಿತ ಮದ್ದಿನ ಪ್ರಕರಣದಲ್ಲಿ 2014ರ ಇಡೀ ಋತುವಿಗೆ ಅಮಾನತಾದರು. ಇಂಥ ಸುದ್ದಿಯನ್ನು ಮಗುವಿನಿಂದ ಮುಚ್ಚಿಡಲು ಹೋಗಬೇಡಿ, ಶಾಲೆಯಲ್ಲಿ ಹೇಗೂ ತಿಳಿಯುತ್ತದೆ. ಹಳೆಯ ಪುಟಗಳನ್ನು ಹರಿದು ಹಾಕುವುದೂ ಬೇಡ.

ಒಬ್ಬನಿಂದ ಹಲವರಿಗೆ

ಏಪ್ರಿಲ್ 15ರಂದು ಪಂದ್ಯ ನೋಡಲು ಕುಳಿತ ಮಗು ಗಲಿಬಿಲಿಗೊಳ್ಳುತ್ತದೆ, ಏಕೆಂದರೆ ಅಂದು ಎಲ್ಲ ತಂಡಗಳ ಎಲ್ಲ ಆಟಗಾರರೂ 42ನೆಯ ಸಂಖ್ಯೆಯ ಅಂಗಿ ತೊಟ್ಟಿರುತ್ತಾರೆ. ತನ್ನ ಆಟಗಾರನನ್ನು ಸಂಖ್ಯೆಯಿಂದ ಗುರುತಿಸಲಾಗದ ಆ ದಿನವೇ, 42 ತೊಡುತ್ತಿದ್ದ ಜಾಕಿ ರಾಬಿನ್ಸನ್ ಅವರ ಕಥೆ ಹೇಳಲು ತಕ್ಕ ದಿನ. ಮೇಜರ್ ಲೀಗ್ ಕಪ್ಪು ಜನರನ್ನು ದಶಕಗಳ ಕಾಲ ಹೊರಗಿಟ್ಟ ಮೇಲೆ 1947ರ ಏಪ್ರಿಲ್ 15ರಂದು ಅವರು ಬ್ರೂಕ್ಲಿನ್ ತಂಡದಲ್ಲಿ ಆಡಿದ್ದು, ಅಲಬಾಮಾದ ಮೊಬೀಲ್ ಊರಿಗೆ ಅವರು ಬಂದಾಗ ಹ್ಯಾಂಕ್ ಆರನ್ ಎಂಬ ಹುಡುಗ ಶಾಲೆ ತಪ್ಪಿಸಿ ಅವರ ಮಾತು ಕೇಳಲು ಹೋದದ್ದು, ಅದೇ ಹುಡುಗ ಮುಂದೆ 755 ಹೋಮ್ ರನ್ ಹೊಡೆದದ್ದು. ಇಚಿರೊ ಅವರಿಗೂ ನೆಚ್ಚಿನ ಆಟಗಾರನೊಬ್ಬನಿದ್ದ, ಕೆನ್ ಗ್ರಿಫಿ. 2009ರಲ್ಲಿ ಗ್ರಿಫಿ ಸಿಯಾಟಲಿಗೆ ಮರಳಿದಾಗ ಇಬ್ಬರೂ ಒಂದೇ ತಂಡದಲ್ಲಿ ಆಡಿದರು. ಅದೇ ವರ್ಷ ಆಲ್ ಸ್ಟಾರ್ ಪಂದ್ಯಕ್ಕೆಂದು ಸೇಂಟ್ ಲೂಯಿಸ್‌ಗೆ ಹೋದ ಇಚಿರೊ, ಸಿಸ್ಲರ್ ಅವರ ಸಮಾಧಿಗೆ ಹೋಗಿ ಹೂ ಇಟ್ಟು ಬಂದರು.

ಈಗ ಹೊಸದಾಗಿ ಆರಿಸುವ ಮಕ್ಕಳಲ್ಲಿ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಶೊಹೆ ಒಟಾನಿ. 2024ರಲ್ಲಿ 54 ಹೋಮ್ ರನ್ ಹೊಡೆದು 59 ಬೇಸ್ ಕದ್ದ, ಪಿಚಿಂಗನ್ನೂ ಬಲ್ಲ ಆಟಗಾರನನ್ನು ಬೇಡವೆನ್ನುವುದು ಹೇಗೆ? ಆದರೆ ಅವರು ಸಾಮಾನ್ಯವಾಗಿ ನಿಯೋಜಿತ ಬ್ಯಾಟರ್ ಆಗಿ (ಫೀಲ್ಡ್ ಮಾಡದೆ ಬ್ಯಾಟ್ ಮಾತ್ರ ಮಾಡುವವರಾಗಿ) ಆಡುವುದರಿಂದ ಫೀಲ್ಡಿಂಗ್ ಕಲಿಸಲು ಒದಗುವುದಿಲ್ಲ. ಕಲಿಯುವ ದೃಷ್ಟಿಯಿಂದ ಕ್ಯಾನ್ಸಸ್ ಸಿಟಿಯ ಶಾರ್ಟ್‌ಸ್ಟಾಪ್ ಬಾಬಿ ವಿಟ್ ಜೂನಿಯರ್ ಅಥವಾ ಸಿಯಾಟಲಿನ ನಡು ಫೀಲ್ಡಿನ ಹೂಲಿಯೊ ರಾಡ್ರಿಗೆಜ್ ಹೆಚ್ಚು ಉಪಯುಕ್ತರು ಎಂಬುದು ನನ್ನ ಎಣಿಕೆ. ಮಗು ಒಪ್ಪದಿದ್ದರೆ ಒಟಾನಿಯೇ ಇರಲಿ, ಪಕ್ಕದಲ್ಲಿ ಆ ತಂಡದ ಶಾರ್ಟ್‌ಸ್ಟಾಪಿನದೂ ಒಂದು ಸಾಲು ಬರೆಸಿ.

ಎರಡನೆಯ ವರ್ಷ ಒಬ್ಬ ಪಿಚರ್‌ನನ್ನು ಸೇರಿಸಿಕೊಳ್ಳುವ ಹೊತ್ತು ಬರುತ್ತದೆ. ಈಗ ಐದು ದಿನ ಕಾಯುವುದು ಮಗುವಿಗೆ ಭಾರವಾಗುವುದಿಲ್ಲ, ನಡುವಿನ ದಿನಗಳಲ್ಲಿ ನೋಡಲು ಬೇರೆಯವರಿರುತ್ತಾರೆ. ಆತನಿಗಾಗಿ ಪುಸ್ತಕದ ಎಡಗಡೆಯ ಪುಟವನ್ನು ಮೀಸಲಿಟ್ಟು, ಪ್ರತಿ ಎಸೆತಕ್ಕೂ ಸ್ಟ್ರೈಕ್ ಆದರೆ ಅಡ್ಡಗೆರೆ, ಬಾಲ್ (ಬ್ಯಾಟರ್ ಬೀಸದೆ ಬಿಟ್ಟ ಕೆಟ್ಟ ಎಸೆತ) ಆದರೆ ಚುಕ್ಕೆ ಹಾಕಿಸಿ. ಚುಕ್ಕೆಗಳು ಒತ್ತೊತ್ತಾಗಿ ಬರತೊಡಗಿದರೆ ಆತ ದಣಿದಿದ್ದಾನೆ ಎಂದರ್ಥ. ಕೋಚ್ ಎದ್ದು ಮೈದಾನಕ್ಕೆ ನಡೆದು ಬರುವ ಮೊದಲೇ ಮಗು ಅದನ್ನು ಹೇಳಬಲ್ಲದೋ ನೋಡಿ.